ಕೊರಿಯನ್ನರಿಗೆ ದಿನಬಳಕೆಯ ಇಂಗ್ಲಿಷ್ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಐದು ವರ್ಷದಿಂದ ಬೆಂಗಳೂರಿನ ನಮ್ಮ ಮನೆಯಲ್ಲೇ ಕೊರಿಯಾದವರಿಗೆ ಇಂಗ್ಲಿಷ್ ಮಾತು ಕಲಿಸುತ್ತಿದ್ದೇನೆ. ಶುರುವಾದದ್ದು ಎದುರು ಮನೆಗೆ ಬಂದ ಒಂದು ಸಂಸಾರದಿಂದ. ಗಂಡ ಕೆಲಸಕ್ಕೆ ಹೋದ ಮೇಲೆ ಆಕೆಗೆ ತರಕಾರಿಯವರ ಹತ್ತಿರ, ಲಿಫ್ಟಿನಲ್ಲಿ, ಮಗನ ಸ್ಕೂಲಿನಲ್ಲಿ ಮಾತಾಡಬೇಕಿತ್ತು. ಆಮೇಲೆ ಅವರ ಗೆಳತಿಯರು ಬಂದರು. ಈಗ ನನ್ನ ಹಾಗೆ ಕಲಿಸಲು ಹೊರಟವರು, ಆಫೀಸಿನಲ್ಲಿ ಕೊರಿಯನ್ನರ ಜೊತೆ ಕೆಲಸ ಮಾಡುವವರು, ಆ ದೇಶಕ್ಕೆ ಓದಲು ಹೋದ ನಮ್ಮ ಹುಡುಗರು ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ.

ಹತ್ತು ವರ್ಷ ಇಂಗ್ಲಿಷ್ ಓದಿದವರಿಗೆ ಒಂದು ಲೋಟ ನೀರು ಕೇಳಲು ಯಾಕೆ ಕಷ್ಟ?

ಅವರು ಓದಿದ ಇಂಗ್ಲಿಷೇ ಬೇರೆ, ಆಡಬೇಕಾದ ಇಂಗ್ಲಿಷೇ ಬೇರೆ. ದಕ್ಷಿಣ ಕೊರಿಯಾದಲ್ಲಿ 1997ರಿಂದ ಮೂರನೇ ತರಗತಿಗೇ ಇಂಗ್ಲಿಷ್ ಕಡ್ಡಾಯ. ಸಂಜೆ ಟ್ಯೂಷನ್ ಬೇರೆ. ಅದನ್ನು ಹಗ್ವೊನ್ ಅನ್ನುತ್ತಾರೆ. ಎಲ್ಲರ ಕಣ್ಣೂ ಸುನುಂಗ್ ಎಂಬ ಪರೀಕ್ಷೆಯ ಮೇಲೆ. ನಮ್ಮ ಪಿಯುಸಿ, ಸಿಇಟಿ ಎರಡನ್ನೂ ಸೇರಿಸಿದಷ್ಟು ಭಾರ ಅದಕ್ಕೆ. ನವೆಂಬರಿನ ಒಂದು ಗುರುವಾರ ನಡೆಯುತ್ತದೆ. ಇಂಗ್ಲಿಷ್ ಪತ್ರಿಕೆಗೆ 70 ನಿಮಿಷ, 45 ಪ್ರಶ್ನೆ. ಅವುಗಳಲ್ಲಿ 17 ಪ್ರಶ್ನೆ ಕೇಳಿಸಿಕೊಂಡು ಉತ್ತರಿಸುವಂಥವು. ಆ ಹೊತ್ತಿನಲ್ಲಿ ಮಕ್ಕಳಿಗೆ ಸದ್ದು ಕೇಳಬಾರದೆಂದು ದೇಶದಲ್ಲೆಲ್ಲ ವಿಮಾನ ಏರುವುದನ್ನೂ ಇಳಿಯುವುದನ್ನೂ ನಿಲ್ಲಿಸುತ್ತಾರೆ. ಅಷ್ಟು ಮುಖ್ಯ ಅದು. ಆದರೆ ಬಾಯಿ ಬಿಟ್ಟು ಮಾತಾಡುವ ಪರೀಕ್ಷೆ ಅದರಲ್ಲಿಲ್ಲ.

ಹಾಗಾಗಿ ನಿಮ್ಮ ಮುಂದೆ ಕೂತವರನ್ನು ಎಬಿಸಿಡಿ ಕಲಿಯಲು ಬಂದವರು ಅಂದುಕೊಳ್ಳಬೇಡಿ. ನನ್ನ ಮೊದಲ ವಿದ್ಯಾರ್ಥಿನಿ ಗ್ರಾಮರ್ ಪುಸ್ತಕದಲ್ಲಿ ನನಗಿಂತ ಬೇಗ ತಪ್ಪು ಹುಡುಕುತ್ತಿದ್ದರು. ಅದೇ ಹೆಂಗಸು ನೀರಿನ ಕ್ಯಾನ್ ಹುಡುಗ ಬೆಲ್ ಮಾಡಿದರೆ ಬಾಗಿಲ ಹಿಂದೆ ಉಸಿರು ಹಿಡಿದು ನಿಲ್ಲುತ್ತಿದ್ದರು. ಪದ ಗೊತ್ತಿಲ್ಲದ್ದಕ್ಕಲ್ಲ. ತಪ್ಪಾದರೆ ಅಂತ. ಅವರಿಗೆ ಬೇಕಾದದ್ದು ಹೊಸ ಪಾಠವಲ್ಲ, ಗೊತ್ತಿರುವುದನ್ನು ಬಾಯಿಗೆ ತರುವ ಅಭ್ಯಾಸ.

ನನಗೆ ಕೊರಿಯನ್ ಬರುವುದಿಲ್ಲ. ಆದರೂ ಕಲಿಸಬಹುದಾ?

ಕನ್ನಡ ಬರುತ್ತದಲ್ಲ, ಅರ್ಧ ದಾರಿ ಅಲ್ಲಿಗೇ ಮುಗಿಯಿತು. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ‘ನಾನು ಶಾಲೆಗೆ ಹೋಗುತ್ತೇನೆ’ ಎಂಬುದು ಕೊರಿಯನ್ನಿನಲ್ಲಿ ‘ನಾನುನ್ ಹಕ್ಕ್ಯೊಏ ಗಾಯೊ’. ನಾನು ಮೊದಲು, ಶಾಲೆಗೆ ಆಮೇಲೆ, ಹೋಗುವುದು ಕೊನೆಗೆ. ನಮ್ಮ ‘ಗೆ’ ಶಾಲೆಯ ಬಾಲಕ್ಕೆ ಅಂಟಿಕೊಳ್ಳುವ ಹಾಗೆ ಅವರ ‘ಏ’ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮಧ್ಯಕ್ಕೆ ಬರಬೇಕು, ‘ಟು’ ಶಾಲೆಯ ಮುಂದೆ ಬರಬೇಕು. ನಾವು ಚಿಕ್ಕಂದಿನಲ್ಲಿ ಎಲ್ಲಿ ಎಡವಿದೆವೋ ಅವರೂ ಅಲ್ಲೇ ಎಡವುತ್ತಾರೆ. ಇಂಗ್ಲಿಷನ್ನೇ ಮನೆಮಾತಾಗಿ ಆಡಿದವರಿಗೆ ಈ ಎಡವು ಕಾಣುವುದಿಲ್ಲ. ನಮಗೆ ಕಾಣುತ್ತದೆ.

ಅಪ್ಪನಿಗೆ ಅವರೂ ‘ಅಪ್ಪಾ’ ಅನ್ನುತ್ತಾರೆ, ಅಮ್ಮನಿಗೆ ‘ಓಮ್ಮಾ’. ಕೊರಿಯನ್ ನಮ್ಮ ನಂಟಿನ ಭಾಷೆಯೇ ಅಂತ ಕೇಳುವವರೂ ಇದ್ದಾರೆ. 1886ರಲ್ಲಿ ಸೋಲ್‌ನ ರಾಜರ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಹೋದ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಮೇಷ್ಟ್ರು ಮುಂದೆ ಕೊರಿಯನ್ನನ್ನು ದ್ರಾವಿಡ ಭಾಷೆಗಳ ಜೊತೆ ಹೋಲಿಸಿ ಬರೆದರು. ಇಂದಿನ ಭಾಷಾ ವಿದ್ವಾಂಸರು ಆ ನಂಟನ್ನು ಒಪ್ಪುವುದಿಲ್ಲ. ನಂಟಿಲ್ಲದಿದ್ದರೂ ವಾಕ್ಯ ಕಟ್ಟುವ ರೀತಿ ಒಂದೇ ಥರ ಇರುವುದು ನಿಜ. ಕಲಿಸುವವರಿಗೆ ಅಷ್ಟು ಸಾಕು.

ಒಂದು ವ್ಯತ್ಯಾಸ ಮರೆಯಬೇಡಿ. ‘ಬಂದಳು’ ಅಂದರೆ ಯಾರು ಅಂತ ನಮಗೆ ಕ್ರಿಯಾಪದವೇ ಹೇಳುತ್ತದೆ. ಕೊರಿಯನ್ ಕ್ರಿಯಾಪದ ಅವನು, ಅವಳು, ನಾನು ಯಾವುದನ್ನೂ ಹೇಳುವುದಿಲ್ಲ. ಆದರೂ ಅವರು ಕರ್ತೃವನ್ನು ಬಿಟ್ಟೇ ಮಾತಾಡುತ್ತಾರೆ. ಅದಕ್ಕೇ ಇಂಗ್ಲಿಷಿನಲ್ಲಿ ‘ಹಿ’ ಮತ್ತು ‘ಶಿ’ ಅದಲುಬದಲಾಗುತ್ತವೆ, ಕೆಲವು ಸಲ ಮಾಯವೇ ಆಗುತ್ತವೆ.

‘ಹೌ ಆರ್ ಯೂ’ ಅಂದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರಲ್ಲ, ಯಾಕೆ?

‘ಐಯಾಮ್ ಫೈನ್, ಥ್ಯಾಂಕ್ಯೂ, ಆಂಡ್ ಯೂ?’ ಇದು ಅವರ ಪಾಠದ ಪುಸ್ತಕದಿಂದ ಬಂದದ್ದು. ನಾವು ‘ಗುಡ್ ಮಾರ್ನಿಂಗ್ ಟೀಚರ್’ ಅಂತ ರಾಗ ಎಳೆದ ಹಾಗೆ ಅವರು ಇದನ್ನು ಒಟ್ಟಿಗೆ ಹೇಳಿ ಬೆಳೆದಿದ್ದಾರೆ. ತಪ್ಪೇನಲ್ಲ. ಆದರೆ ಜ್ವರ ಬಂದಿದ್ದರೂ ಅದೇ ಬರುತ್ತದೆ.

ನಾನು ಇದನ್ನು ಅವರ ಮನೆಮಾತಿನಿಂದ ಬಿಡಿಸುತ್ತೇನೆ. ಕೊರಿಯಾದಲ್ಲಿ ಗುರುತಿನವರು ಸಿಕ್ಕರೆ ‘ಬಾಪ್ ಮೊಗೊಸ್ಸೊಯೊ?’ ಅನ್ನುತ್ತಾರೆ. ಅಂದರೆ ‘ಊಟ ಆಯ್ತಾ?’ ನಮ್ಮ ಹಾಗೇ! ಇದನ್ನು ಮೊದಲ ಸಲ ಕೇಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ನಾನು ಎದುರು ಮನೆಯಾಕೆಗೆ ಕನ್ನಡದಲ್ಲಿ ‘ಊಟ ಆಯ್ತಾ?’ ಅಂತ ಹೇಳಿಕೊಟ್ಟೆ. ಮಾರನೇ ದಿನ ಆಕೆ ವಾಚ್‌ಮನ್ ಅಣ್ಣನಿಗೆ ಅದನ್ನೇ ಕೇಳಿ ಬಂದರು.

ಊಟ ಆಯ್ತಾ ಅಂತ ಕೇಳುವವರು ನಿಜಕ್ಕೂ ಊಟದ ಲೆಕ್ಕ ಕೇಳುತ್ತಿಲ್ಲ ಅಲ್ವಾ? ‘ಹೌ ಆರ್ ಯೂ’ ಕೂಡ ಹಾಗೆಯೇ. ಅದು ಪ್ರಶ್ನೆಗಿಂತ ಜಾಸ್ತಿ ನಮಸ್ಕಾರ. ‘ಗುಡ್, ಯೂ?’ ಅಂದರೆ ಸಾಕು. ‘ನಾಟ್ ಬ್ಯಾಡ್’, ‘ಬಿಟ್ ಟೈರ್ಡ್ ಟುಡೇ’ ಕೂಡ ಆಗುತ್ತದೆ. ಆದರೆ ಇಂಗ್ಲಿಷಿನಲ್ಲಿ ‘ಹ್ಯಾವ್ ಯೂ ಈಟನ್’ ಅಂದರೆ ಊಟಕ್ಕೆ ಕರೆಯುತ್ತಿದ್ದಾರೆ ಅಂದುಕೊಳ್ಳುವವರು ಇರುತ್ತಾರೆ ಅಂತಲೂ ಹೇಳಿಡಿ.

ಹೊರಡುವಾಗಿನ ಮಾತು ಇನ್ನೂ ಚೆಂದ. ಮನೆ ಬಿಡುವಾಗ ಅವರು ‘ತಾನ್ಯೊ ಓಲ್ಕೆಯೊ’ ಅನ್ನುತ್ತಾರೆ. ಪದಕ್ಕೆ ಪದ ‘ಹೋಗಿ ಬರ್ತೀನಿ’. ಒಳಗಿದ್ದವರು ‘ಹೋಗಿ ಬನ್ನಿ’ ಅನ್ನುತ್ತಾರೆ. ಇಂಗ್ಲಿಷಿಗೆ ಈ ಮಾತು ಬರುವುದೇ ಇಲ್ಲ. ‘ಸೀ ಯೂ ಲೇಟರ್’ ಅನ್ನಿ, ‘ಐಯಾಮ್ ಆಫ್’ ಅನ್ನಿ. ಸ್ವಲ್ಪ ಬರಡು ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ಅಲ್ಲಿ ಅಷ್ಟೇ ಇರುವುದು.

ಕಾಫಿ ಬೇಕಾ ಅಂದರೆ ‘ಇಟ್ಸ್ ಓಕೆ’ ಅನ್ನುತ್ತಾರೆ. ಬೇಕೋ ಬೇಡವೋ?

ಹೆಚ್ಚಿನ ಸಲ ಬೇಡ. ಅವರ ತಲೆಯಲ್ಲಿರುವುದು ‘ಕ್ವೆಂಚಾನಾಯೊ’. ನಮ್ಮ ‘ಪರವಾಗಿಲ್ಲ’ಕ್ಕೆ ಅದು ಅವಳಿ. ಕಾಲು ತುಳಿದವರಿಗೆ ಪರವಾಗಿಲ್ಲ, ಬಿದ್ದು ಎದ್ದವರು ಪರವಾಗಿಲ್ಲ, ಇನ್ನೊಂದು ಚಪಾತಿ ಬೇಡವಾದರೂ ಪರವಾಗಿಲ್ಲ, ಸಿನಿಮಾ ಸುಮಾರಾಗಿದ್ದರೂ ಪರವಾಗಿಲ್ಲ. ಇಂಗ್ಲಿಷ್ ಇದನ್ನು ನಾಲ್ಕಾಗಿ ಒಡೆಯುತ್ತದೆ. ತುಳಿದವರಿಗೆ ‘ನೋ ಪ್ರಾಬ್ಲಂ’. ಬಿದ್ದು ಎದ್ದರೆ ‘ಐಯಾಮ್ ಓಕೆ’. ಬೇಡ ಅನ್ನಲು ‘ನೋ, ಥ್ಯಾಂಕ್ಯೂ’ ಅಥವಾ ‘ಐಯಾಮ್ ಗುಡ್, ಥ್ಯಾಂಕ್ಸ್’. ಸಿನಿಮಾಕ್ಕೆ ‘ನಾಟ್ ಬ್ಯಾಡ್’.

ಒಂದು ದಿನ ನಮ್ಮತ್ತೆ ಎದುರು ಮನೆಯಾಕೆಗೆ ಎರಡನೇ ಲೋಟ ಫಿಲ್ಟರ್ ಕಾಫಿ ಹಿಡಿದು ನಿಂತರು. ಆಕೆ ‘ಇಟ್ಸ್ ಓಕೆ, ಇಟ್ಸ್ ಓಕೆ’ ಅಂದರು. ಅತ್ತೆ ‘ಓಕೆ ಅಂತೆ’ ಅಂದು ಸುರಿದೇ ಬಿಟ್ಟರು. ಆಕೆ ಎರಡೂ ಕೈಯಲ್ಲಿ ಲೋಟ ಹಿಡಿದು, ತಲೆ ಬಾಗಿಸಿ, ಅಷ್ಟನ್ನೂ ಕುಡಿದರು. ರಾತ್ರಿ ನಿದ್ದೆ ಬರಲಿಲ್ಲವಂತೆ. ಅವತ್ತಿನಿಂದ ನನ್ನ ಎರಡನೇ ಪಾಠವೇ ‘ನೋ, ಥ್ಯಾಂಕ್ಯೂ’. ಬೇಡ ಅನ್ನುವುದು ಒರಟಲ್ಲ, ಅದರ ಬಾಲದ ಥ್ಯಾಂಕ್ಯೂ ಮರ್ಯಾದೆಯನ್ನು ಕಾಯುತ್ತದೆ ಅಂತ ಅವರಿಗೆ ನಂಬಿಕೆ ಬರಬೇಕು. ಅದಕ್ಕೆ ಸಮಯ ಹಿಡಿಯುತ್ತದೆ.

ಇಷ್ಟು ಮರ್ಯಾದಸ್ಥರು ಇಂಗ್ಲಿಷಿನಲ್ಲಿ ಯಾಕೆ ಆರ್ಡರ್ ಮಾಡಿದ ಹಾಗೆ ಮಾತಾಡುತ್ತಾರೆ?

ಮರ್ಯಾದೆ ಕೊರಿಯನ್ನಿನಲ್ಲಿ ಕ್ರಿಯಾಪದದ ಬಾಲದಲ್ಲಿರುತ್ತದೆ. ‘ಮುಲ್ ಜುಸೆಯೊ’ ಅಂದರೆ ‘ನೀರು ಕೊಡಿ’. ‘ಕೊಡು’ ಅಲ್ಲ, ‘ಕೊಡಿ’. ಅದನ್ನು ಹಾಗೇ ಇಂಗ್ಲಿಷಿಗೆ ತಂದರೆ ‘ಗಿವ್ ಮಿ ವಾಟರ್’ ಆಗುತ್ತದೆ. ‘ಕೊಡಿ’ಯಲ್ಲಿದ್ದ ಗೌರವ ದಾರಿಯಲ್ಲೇ ಉದುರಿ ಹೋಯಿತು. ‘ಪ್ಲೀಸ್’ ಅಂಟಿಸಿದರೂ ಆರ್ಡರಿನ ವಾಸನೆ ಪೂರ್ತಿ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಮರ್ಯಾದೆ ಇರುವುದು ಪ್ರಶ್ನೆಯಲ್ಲಿ. ‘ಕ್ಯಾನ್ ಐ ಹ್ಯಾವ್ ಸಮ್ ವಾಟರ್?’ ‘ಕುಡ್ ಯೂ ಓಪನ್ ದ ಗೇಟ್?’ ಇವನ್ನು ಬಿಡಿಸಿ ಗ್ರಾಮರ್ ಹೇಳಬೇಡಿ. ಒಂದೇ ಉಂಡೆಯಾಗಿ ಕೊಡಿ. ‘ಕ್ಯಾನ್ ಐ ಹ್ಯಾವ್’ ಬಾಯಿಗೆ ಕೂತರೆ ಹೋಟೆಲ್, ಅಂಗಡಿ, ಬ್ಯಾಂಕ್ ಎಲ್ಲ ಕಡೆ ಕೆಲಸ ನಡೆಯುತ್ತದೆ.

ಇನ್ನೊಂದು ‘ಯೂ ಹ್ಯಾಡ್ ಬೆಟರ್’. ‘ಹೀಗೆ ಮಾಡಿದರೆ ಒಳ್ಳೆಯದು’ ಅನ್ನುವ ಮೆತ್ತಗಿನ ಸಲಹೆ ಅದು ಅಂತ ಅವರು ಕಲಿತಿರುತ್ತಾರೆ. ಕೇಳುವವರಿಗೆ ಅದು ‘ಮಾಡದಿದ್ದರೆ ನೋಡ್ಕೋ’ ಅನ್ನುವ ಹಾಗಿರುತ್ತದೆ. ಒಬ್ಬರು ಮಗನ ಟೀಚರಿಗೆ ‘ಯೂ ಹ್ಯಾಡ್ ಬೆಟರ್ ಕಾಲ್ ಮಿ’ ಅಂತ ಮೆಸೇಜ್ ಕಳಿಸಿದ್ದರು. ಟೀಚರ್ ಬೇಜಾರು ಮಾಡಿಕೊಂಡಿದ್ದರು. ಯಾಕೆ ಅಂತ ಇವರಿಗೆ ಗೊತ್ತೇ ಆಗಲಿಲ್ಲ. ‘ಮೇಬಿ ಯೂ ಕುಡ್’ ಅಂತ ಶುರು ಮಾಡಲು ಹೇಳಿಕೊಡಿ.

ಕರೆಯುವುದೂ ಒಂದು ತಲೆನೋವು. ದೊಡ್ಡವರನ್ನು ಹೆಸರು ಹಿಡಿದು ಕರೆಯುವುದು, ‘ನೀನು’ ಅನ್ನುವುದು ಅವರಿಗೆ ಆಗದ ಮಾತು. ನಾವು ಅಣ್ಣ, ಅಕ್ಕ, ಮೇಷ್ಟ್ರೇ ಅನ್ನುವ ಹಾಗೆ ಅವರಿಗೂ ಪ್ರತಿಯೊಬ್ಬರಿಗೆ ಒಂದು ಪದ ಇದೆ. ಹೆಣ್ಣುಮಕ್ಕಳಿಗೆ ಅಣ್ಣ ‘ಒಪ್ಪಾ’, ಅಕ್ಕ ‘ಒನ್ನಿ’. ಗಂಡುಮಕ್ಕಳಿಗೆ ಅದೇ ಅಣ್ಣ ‘ಹ್ಯೊಂಗ್’, ಅಕ್ಕ ‘ನೂನಾ’. ಟೀಚರನ್ನು ಇಂಗ್ಲಿಷಿನಲ್ಲೂ ‘ಟೀಚರ್!’ ಅಂತಲೇ ಕರೆಯುತ್ತಾರೆ. ನಮ್ಮೂರಿನಲ್ಲಿ ನಡೆಯುತ್ತದೆ. ಅಮೆರಿಕಕ್ಕೆ ಹೋಗುವವರಾದರೆ ಹೆಸರು ಹೇಳಿಸಿ ಅಭ್ಯಾಸ ಮಾಡಿಸಿ. ಗೊತ್ತಿಲ್ಲದವರನ್ನು ಕರೆಯಲು ಅವರ ‘ಚೊಗಿಯೊ’ ನಮ್ಮ ‘ರೀ, ಇಲ್ಲಿ’ ಇದ್ದ ಹಾಗೆ. ಅದಕ್ಕೆ ಇಂಗ್ಲಿಷ್ ‘ಎಕ್ಸ್‌ಕ್ಯೂಸ್ ಮಿ’. ‘ಹಲೋ ಹಲೋ’ ಅಲ್ಲ.

‘ಸರ್ವಿಸ್’, ‘ಫೈಟಿಂಗ್’ ಅಂತೆಲ್ಲ ಅನ್ನುತ್ತಾರೆ. ಅದು ಇಂಗ್ಲಿಷೇ?

ಇಂಗ್ಲಿಷಿನಿಂದ ಬಂದು ಕೊರಿಯನ್ ಆದ ಪದಗಳು. ಕಾಂಗ್ಲಿಷ್ ಅನ್ನುತ್ತಾರೆ. ‘ಹ್ಯಾಂಡ್‌ಫೋನ್’ ಅಂದರೆ ಮೊಬೈಲು. ‘ನೋಟ್‌ಬುಕ್’ ಅಂದರೆ ಲ್ಯಾಪ್‌ಟಾಪು. ‘ಹೆಲ್ಸ್’ ಅಂದರೆ ಜಿಮ್ಮು. ‘ಐ ಶಾಪಿಂಗ್’ ಅಂದರೆ ಸುಮ್ನೆ ಅಂಗಡಿ ನೋಡಿಕೊಂಡು ಬರುವುದು. ‘ಕನ್ನಿಂಗ್’ ಅಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು. ‘ಸೈಡಾ’ ಅಂದರೆ ಲಿಂಬೆ ಸೋಡಾ ಥರದ್ದು. ‘ಮೀಟಿಂಗ್’ ಅಂದರೆ ಹುಡುಗ ಹುಡುಗಿಯರ ಗುಂಪು ಪರಿಚಯಕ್ಕೆ ಸೇರುವುದು. ಆಫೀಸಿನಲ್ಲಿ ಕೊರಿಯಾದ ಹುಡುಗಿಯೊಬ್ಬಳು ‘ಮೀಟಿಂಗ್ ಇದೆ’ ಅಂದರೆ ಯಾವ ಮೀಟಿಂಗ್ ಅಂತ ಕೇಳಿಕೊಳ್ಳುವುದು ಒಳ್ಳೆಯದು.

‘ಸರ್ವಿಸ್’ ಅಂದರೆ ಹೋಟೆಲಿನವರು ಪ್ರೀತಿಯಿಂದ ಪುಕ್ಕಟೆ ಕೊಡುವ ಐಟಂ. ಒಂದು ದರ್ಶಿನಿಯಲ್ಲಿ ನನ್ನ ವಿದ್ಯಾರ್ಥಿನಿಗೆ ಇನ್ನೊಂದು ಸೌಟು ಸಾಂಬಾರ್ ಹಾಕಿದರು. ಆಕೆ ಕಣ್ಣರಳಿಸಿ ‘ಸರ್ವಿಸ್?’ ಅಂದರು. ‘ಸೆಲ್ಫ್ ಸರ್ವಿಸ್ ಮೇಡಂ’ ಅಂದರು ಅವರು. ಇಬ್ಬರೂ ಹೇಳಿದ್ದು ತಂತಮ್ಮ ಲೆಕ್ಕದಲ್ಲಿ ಸರಿ. ಇಂಗ್ಲಿಷಿನಲ್ಲಿ ಕೇಳಬೇಕಾದದ್ದು ‘ಈಸ್ ದಿಸ್ ಫ್ರೀ?’

‘ಫೈಟಿಂಗ್’ ಜಗಳವಲ್ಲ, ‘ಭೇಷ್, ಮಾಡು, ಆಗುತ್ತೆ!’ ಅನ್ನುವ ಹುರುಪು. ‘ಯೂ ಕ್ಯಾನ್ ಡೂ ಇಟ್’ ಅಥವಾ ‘ಗುಡ್ ಲಕ್’ ಕಲಿಸಿ. ಆದರೆ ಇದನ್ನು ತಪ್ಪು ಅಂತ ಕೆಂಪು ಗೆರೆ ಎಳೆಯಬೇಡಿ. 2021ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕೊರಿಯಾದಿಂದ ಬಂದ 26 ಪದಗಳನ್ನು ಒಟ್ಟಿಗೆ ಸೇರಿಸಿಕೊಂಡಿತು. ಅದರಲ್ಲಿ ‘ಫೈಟಿಂಗ್’ ಇದೆ, ಪ್ರೀತಿಯಿಂದ ಮೈ ಮುಟ್ಟುವುದಕ್ಕೆ ಅನ್ನುವ ‘ಸ್ಕಿನ್‌ಶಿಪ್’ ಇದೆ, ‘ಒಪ್ಪಾ’ ಇದೆ, ‘ಕಾಂಗ್ಲಿಷ್’ ಕೂಡ ಇದೆ. ನಾವೂ ‘ಕರೆಂಟ್ ಹೋಯ್ತು’ ಅನ್ನುವುದಿಲ್ಲವೇ? ಊಟದ ಜಾಗಕ್ಕೆ ‘ಹೋಟೆಲ್’ ಅನ್ನುವುದಿಲ್ಲವೇ? ಮಿಲಿಟರಿ ಹೋಟೆಲ್ ಬೋರ್ಡು ನೋಡಿ ಸೈನಿಕರ ವಸತಿಗೃಹ ಅಂದುಕೊಂಡವರಿಗೆ ನಾನೇ ಬಿರಿಯಾನಿ ತಿನ್ನಿಸಿದ್ದೇನೆ. ‘ಇದು ನಿಮ್ಮೂರಿನ ಪದ, ಹೊರಗೆ ಹೀಗೆ ಅನ್ನಿ’ ಅಂದರೆ ಯಾರಿಗೂ ನೋವಾಗುವುದಿಲ್ಲ.

ಉಚ್ಚಾರಣೆಯಲ್ಲಿ ಎಲ್ಲಿಂದ ಶುರು ಮಾಡಲಿ?

ಕೊನೆಯ ಸ್ವರದಿಂದ. ನಾವು ಬಸ್ಸು, ಕಾರು, ಲೈಟು ಅನ್ನುವ ಹಾಗೆ ಅವರೂ ಇಂಗ್ಲಿಷ್ ಪದಕ್ಕೆ ಸ್ವರ ಸೇರಿಸುತ್ತಾರೆ. ಬಸ್ ‘ಬೊಸು’ ಆಗುತ್ತದೆ, ಆರೆಂಜ್ ‘ಒರೆಂಜಿ’ ಆಗುತ್ತದೆ. ಒತ್ತಕ್ಷರವಂತೂ ಬಿಡಿಬಿಡಿಯಾಗುತ್ತದೆ. ‘ಸ್ಟ್ರೈಕ್’ ಒಂದೇ ಉಸಿರಿನ ಪದ, ಅವರ ಲಿಪಿಯಲ್ಲಿ ಐದು ತುಂಡು: ಸು-ತು-ರಾ-ಇ-ಕು. ಅವರ ಹಂಗುಲ್ ಲಿಪಿ ಬಹಳ ಜಾಣ ಲಿಪಿ. 1446ರಲ್ಲಿ ಸೇಜೊಂಗ್ ಮಹಾರಾಜ ಜನರಿಗೆ ಕೊಟ್ಟದ್ದು. ಆದರೆ ಇಂಗ್ಲಿಷ್ ಪದವನ್ನು ಅದರಲ್ಲಿ ಬರೆದುಕೊಂಡರೆ ನಾಲಿಗೆ ಆ ತುಂಡುಗಳ ಹಿಂದೆಯೇ ಹೋಗುತ್ತದೆ. ನಾನು ಚಪ್ಪಾಳೆ ತಟ್ಟಿಸುತ್ತೇನೆ. ಒಂದು ಪದ, ಒಂದೇ ಚಪ್ಪಾಳೆ. ಐದು ಸಲ ತಟ್ಟಿದವರು ವಾರದೊಳಗೆ ಎರಡಕ್ಕೆ ಬರುತ್ತಾರೆ.

‘ಫ’ ಅವರಿಗಿಲ್ಲ, ಕಾಫಿ ‘ಕೊಪಿ’. ನಮ್ಮ ಹಳ್ಳಿಗಳಲ್ಲೂ ‘ಕಾಪಿ’ಯೇ. ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ಊದಿಸಿ, ಕನ್ನಡಿ ಮುಂದಿಡಿ. ‘ವೆರಿ’ ‘ಬೆರಿ’ ಆಗುವುದಕ್ಕೂ ಅದೇ ಔಷಧ. ‘ಥ್ಯಾಂಕ್’ ‘ತ್ಯಾಂಕ್’ ಆದರೆ ಬಿಟ್ಟುಬಿಡಿ, ಅರ್ಥವಾಗುತ್ತದೆ. ‘ಥಿಂಕ್’ ‘ಸಿಂಕ್’ ಆದರೆ ಮಾತ್ರ ತಿದ್ದಿ.

‘ರ’ ಮತ್ತು ‘ಲ’ಕ್ಕೆ ಅವರಲ್ಲಿ ಒಂದೇ ಅಕ್ಷರ. ಎರಡು ಸ್ವರಗಳ ನಡುವೆ ಅದು ‘ರ’ದ ಹಾಗೆ, ಪದದ ಕೊನೆಯಲ್ಲಿ ‘ಲ್’ ಹಾಗೆ ಕೇಳುತ್ತದೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ ಇದ್ದ ಹಾಗೆ ಅಂದುಕೊಳ್ಳಿ. ಅದಕ್ಕೇ ‘ಲೈಟ್’ ‘ರೈಟ್’ ಗಲಿಬಿಲಿ. ಒತ್ತಿ ಹೇಳಿದ ‘ಲ್ಲ’ ಮಾತ್ರ ಅವರಿಗೆ ಸರಾಗ. ಅದನ್ನೇ ಹಿಡಿಯಿರಿ. ಮೊದಲು ‘ಉಲ್ಲೈಟ್’ ಅನ್ನಿಸಿ, ಆಮೇಲೆ ‘ಉಲ್’ ಅನ್ನು ಬಾಯೊಳಗೇ ಅಂದುಕೊಂಡು ‘ಲೈಟ್’ ಮಾತ್ರ ಹೊರಗೆ ಬಿಡಲು ಹೇಳಿ. ನನಗೆ ಗೊತ್ತಿರುವ ಉಪಾಯಗಳಲ್ಲಿ ಇದು ಒಂದು ದಿನವೂ ಕೈಕೊಟ್ಟಿಲ್ಲ.

ಮೀಟಿಂಗಿನಲ್ಲಿ ‘ಯೆಸ್ ಯೆಸ್’ ಅಂದವರು ಆಮೇಲೆ ಕೆಲಸ ಮಾಡಲಿಲ್ಲ. ಯಾಕೆ?

ಆಂಧ್ರದ ಪೆನುಕೊಂಡದ ಹತ್ತಿರ 2019ರಲ್ಲಿ ಕಿಯಾ ಕಾರ್ಖಾನೆ ಶುರುವಾಯಿತು, ಬೆಂಗಳೂರಿನಲ್ಲಿ ಮೊದಲಿನಿಂದಲೂ ಕೊರಿಯಾದ ಕಂಪನಿಗಳಿವೆ. ಅಲ್ಲಿ ಇಲ್ಲಿ ಕೆಲಸ ಮಾಡುವ ಹುಡುಗರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಕೊರಿಯನ್ನರ ‘ನೇ, ನೇ’ ನಮ್ಮ ‘ಹೂಂ, ಹೂಂ’ ಇದ್ದ ಹಾಗೆ. ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ’ ಅಂತ. ಅದು ಇಂಗ್ಲಿಷಿನಲ್ಲಿ ‘ಯೆಸ್’ ಆದಾಗ ಒಪ್ಪಿಕೊಂಡ ಹಾಗೆ ಕಾಣುತ್ತದೆ. ಕಲಿಯುವವರಿಗೆ ‘ಐ ಸೀ’, ‘ರೈಟ್’ ಹೇಳಿಕೊಡಿ. ನಮ್ಮವರೂ ಒಂದು ಮಾಡಬೇಕು: ತಲೆ ಅಲ್ಲಾಡಿಸುವುದರ ಜೊತೆಗೆ ಬಾಯಿಬಿಟ್ಟೂ ಹೇಳಬೇಕು. ನಮ್ಮ ತಲೆಯಾಟ ಹೌದೋ ಅಲ್ಲವೋ ಅಂತ ಅವರಿಗೆ ತಿಳಿಯುವುದಿಲ್ಲ.

‘ಡಿಡ್‌ನ್ಟ್ ಯೂ ಈಟ್?’ ಅಂದರೆ ಊಟ ಮಾಡದವರು ‘ಯೆಸ್’ ಅನ್ನುತ್ತಾರೆ. ‘ಮಾಡಿಲ್ವಾ?’ ‘ಹೂಂ, ಮಾಡಿಲ್ಲ’ ಅಂತ ನಾವೂ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅಲ್ಲಿ ‘ನೋ’ ಬರಬೇಕು. ಈ ನಿಯಮ ಬಾಯಿಪಾಠ ಮಾಡಿಸಿದರೂ ಮಾತಿನ ಭರದಲ್ಲಿ ನೆನಪಾಗುವುದಿಲ್ಲ. ‘ಐ ಡಿಡ್’, ‘ಐ ಡಿಡ್‌ನ್ಟ್’ ಅಂತಲೇ ಉತ್ತರ ಕೊಡಿಸಿ. ಗೊಂದಲಕ್ಕೆ ಜಾಗವೇ ಇಲ್ಲ.

ಮತ್ತೆ ಮತ್ತೆ ಕಾಣುವ ತಪ್ಪುಗಳು ಯಾವುವು?

‘ಐ ಹ್ಯಾವ್ ಎ ಪ್ರಾಮಿಸ್’ ಅಂದರೆ ಆಣೆ ಇಟ್ಟಿದ್ದಾರೆ ಅಂತಲ್ಲ. ಅವರ ‘ಯಾಕ್ಸೊಕ್’ ಎಂಬ ಒಂದೇ ಪದಕ್ಕೆ ಮಾತು ಕೊಡುವುದು, ಯಾರನ್ನೋ ಭೇಟಿಯಾಗಲು ಒಪ್ಪಿರುವುದು ಎರಡೂ ಅರ್ಥ. ‘ಐ ಹ್ಯಾವ್ ಪ್ಲಾನ್ಸ್’ ಅನ್ನಬೇಕು. ನಲವತ್ತು ವರ್ಷದವರು ‘ಐ ಪ್ಲೇಡ್ ವಿತ್ ಮೈ ಫ್ರೆಂಡ್’ ಅಂದರೆ ಕುಂಟೆಬಿಲ್ಲೆ ಆಡಿಲ್ಲ, ಜೊತೆಗೆ ಕಾಲ ಕಳೆದಿದ್ದಾರೆ. ‘ಹ್ಯಾಂಗ್ ಔಟ್’ ಕಲಿಸಿ. ಬೇಜಾರಾದಾಗ ‘ಐಯಾಮ್ ಬೋರಿಂಗ್’ ಅನ್ನುತ್ತಾರೆ, ‘ಬೋರ್ಡ್’ ಆಗಬೇಕು. ಅವರಲ್ಲಿ ಔಷಧವನ್ನೂ ತಿನ್ನುತ್ತಾರೆ, ಅದಕ್ಕೇ ‘ಈಟ್ ಮೆಡಿಸಿನ್’. ‘ಟೇಕ್’ ಅಂತ ತಿದ್ದುವುದು ಸುಲಭ, ‘ಮಾತ್ರೆ ತಗೊಳ್ಳಿ’ ಅನ್ನುವವರಲ್ಲವೇ ನಾವು.

‘ಅವರ್ ಹಸ್ಬೆಂಡ್’ ಅಂದಾಗ ಮಾತ್ರ ನಗಬೇಡಿ. ಅವರ ‘ಉರಿ’ ಅಂದರೆ ‘ನಮ್ಮ’. ನಮ್ಮಮ್ಮ, ನಮ್ಮ ಮನೆ, ನಮ್ಮ ಯಜಮಾನರು ಅಂತ ನಾವೂ ಅನ್ನುತ್ತೇವೆ. ಒಬ್ಬರೇ ಮಗಳಾದರೂ ‘ನಮ್ಮಮ್ಮ’ನೇ. ಅದರಲ್ಲಿರುವ ಬೆಚ್ಚಗಿನ ಭಾವ ನಿಮಗೆ ಗೊತ್ತು ಅಂತ ಮೊದಲು ಹೇಳಿ. ಆಮೇಲೆ ‘ಮೈ’ ಹೇಳಿಕೊಡಿ.

‘ಎ’, ‘ದ’ ಯಾವಾಗ ಕಲಿಸಲಿ?

ಮೊದಲ ಆರು ತಿಂಗಳು ಬೇಡ. ಅವರಿಗೂ ಇಲ್ಲ, ನಮಗೂ ಇಲ್ಲ. ಅದಿಲ್ಲದೆಯೂ ಆಟೋ ಸಿಗುತ್ತದೆ.

ಮೊದಲ ಭೇಟಿಯಲ್ಲೇ ವಯಸ್ಸು ಕೇಳುತ್ತಾರೆ. ಬೇಡ ಅನ್ನಬೇಕಾ?

ಯಾಕೆ ಕೇಳುತ್ತಾರೆ ಅಂತ ತಿಳಿದುಕೊಳ್ಳಿ. ಒಂದು ವರ್ಷ ದೊಡ್ಡವರಾದರೂ ಮಾತಿನ ಬಾಲ ಬದಲಾಗುತ್ತದೆ. ವಯಸ್ಸು ಗೊತ್ತಿಲ್ಲದೆ ವಾಕ್ಯ ಮುಗಿಸುವುದು ಹೇಗೆ? ಹುಟ್ಟಿದ ಕೂಡಲೇ ಒಂದು ವರ್ಷ ಅಂತ ಎಣಿಸುವ ಹಳೆಯ ಲೆಕ್ಕವೂ ಅವರಲ್ಲಿತ್ತು. 2023ರ ಜೂನ್ 28ರಿಂದ ಸರ್ಕಾರಿ ಲೆಕ್ಕ ಹೆಚ್ಚಿನ ಕಡೆ ಹೊರದೇಶಗಳ ಹಾಗೇ ಆಗಿದೆ. ಇಂಗ್ಲಿಷಿನಲ್ಲಿ ವಯಸ್ಸು ತಿಳಿದು ಮಾಡುವುದೇನೂ ಇಲ್ಲ, ಎಲ್ಲರಿಗೂ ಒಂದೇ ‘ಯೂ’ ಅಂತ ಹೇಳಿ. ‘ವಾಟ್ ಡೂ ಯೂ ಡೂ?’ ಇಂದ ಮಾತು ತೆಗೆಯಲು ಕಲಿಸಿ.

ನಮ್ಮ ಇಂಗ್ಲಿಷನ್ನು ಕಲಿತರೆ ಅವರಿಗೆ ತೊಂದರೆ ಆಗುವುದಿಲ್ಲವಾ?

ಈ ಅಳುಕು ಬಿಡಿ. ಅವರು ಶಾಲೆಯಲ್ಲಿ ಕೇಳಿದ್ದು ಅಮೆರಿಕದ ಇಂಗ್ಲಿಷ್, ಅದು ಅವರ ಹತ್ತಿರ ಇದ್ದೇ ಇದೆ. ಇಲ್ಲಿ ಇರುವಷ್ಟು ದಿನ ಇಲ್ಲಿನದು ಅರ್ಥವಾಗಬೇಕು. ‘ಔಟ್ ಆಫ್ ಸ್ಟೇಷನ್’ ಅಂದರೆ ಊರಲ್ಲಿಲ್ಲ, ‘ಡೂ ಒನ್ ಥಿಂಗ್’ ಅಂದರೆ ‘ಒಂದು ಕೆಲಸ ಮಾಡಿ’, ಫೋನಿನಲ್ಲಿ ‘ಟೆಲ್ ಮಿ’ ಅಂದರೆ ಬೈಗುಳವಲ್ಲ ಅಂತ ಮೊದಲೇ ಹೇಳಿಬಿಡಿ. ಇವು ಎಲ್ಲ ಕಡೆ ನಡೆಯುವುದಿಲ್ಲ ಅಂತಲೂ ಹೇಳಿ.

ದಿನಕ್ಕೆ ಎಷ್ಟು ಹೊತ್ತು? ಎಷ್ಟು ತಿಂಗಳು?

ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಅದರಲ್ಲಿ ಇಪ್ಪತ್ತು ನಿಮಿಷ ಅವರೇ ಮಾತಾಡಬೇಕು. ಮೊದಲ ವಾರಕ್ಕೆ ನಾನು ಕೊಡುವುದು ಐದೇ ಉಂಡೆ: ‘ಕ್ಯಾನ್ ಐ ಹ್ಯಾವ್’, ‘ನೋ, ಥ್ಯಾಂಕ್ಯೂ’, ‘ಎಕ್ಸ್‌ಕ್ಯೂಸ್ ಮಿ’, ‘ಸಾರಿ, ಒನ್ಸ್ ಮೋರ್?’, ‘ಹೌ ಮಚ್ ಈಸ್ ದಿಸ್?’ ಶುಕ್ರವಾರ ಪಾಠ ಇಲ್ಲ. ಚೀಲ ಹಿಡಿದು ಕೆಳಗಿನ ತರಕಾರಿ ಗಾಡಿಗೆ ಕಳಿಸುತ್ತೇನೆ. ನಾನು ಹತ್ತು ಹೆಜ್ಜೆ ಹಿಂದೆ ನಿಲ್ಲುತ್ತೇನೆ, ಎಷ್ಟೇ ತಡವರಿಸಿದರೂ ಹತ್ತಿರ ಹೋಗುವುದಿಲ್ಲ.

ಎದುರು ಮನೆಯಾಕೆಗೆ ಅಲ್ಲಿಗೆ ಒಬ್ಬರೇ ಹೋಗಲು ಐದು ವಾರ ಬೇಕಾಯಿತು. ಮೂಲಂಗಿ, ಬೆಳ್ಳುಳ್ಳಿ ತಂದರು. ಅವರ ಉಪ್ಪಿನಕಾಯಿಯಂಥ ಕಿಮ್ಚಿ ಹಾಕಲು. ಮೇಲೆ ಎರಡು ಕಡ್ಡಿ ಕೊತ್ತಂಬರಿ ಇತ್ತು. ‘ಈಸ್ ದಿಸ್ ಫ್ರೀ?’ ಅಂತ ಕೇಳಿದರಂತೆ. ‘ಫ್ರೀ, ಫ್ರೀ, ತಗೊಳ್ಳಿ ಅಕ್ಕ’ ಅಂದರಂತೆ ಗಾಡಿಯವರು.